ವಾಚ್ ಹೇಳಿದ್ದನ್ನೆಲ್ಲ ನಂಬಬೇಕಾ? ತೊಡುವ ಸೆನ್ಸರ್‌ಗಳನ್ನು ಹಂತ ಹಂತವಾಗಿ ಬಳಸುವ ಬಗೆ

"ವಾಚ್‌ನಲ್ಲಿ ಎದೆಬಡಿತ 48 ಅಂತ ತೋರಿಸ್ತಿದೆ, ಡಾಕ್ಟರ್ ಹತ್ರ ಹೋಗ್ಲಾ?" "ನಿನ್ನೆ ರಾತ್ರಿ ಆಮ್ಲಜನಕ 88ಕ್ಕೆ ಇಳಿದಿತ್ತಂತೆ, ಏನಾದ್ರೂ ತೊಂದ್ರೆನಾ?" "ಉಂಗುರ ಒಳ್ಳೇದಾ, ವಾಚ್ ಒಳ್ಳೇದಾ?" ಓದುಗರು ಕೇಳುವ ಪ್ರಶ್ನೆಗಳಲ್ಲಿ ಈ ಮೂರು ತಿರುಗಿ ತಿರುಗಿ ಬರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಇಲ್ಲೇ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಈ ಸಾಧನಗಳು ತೋರಿಸುವ ಒಂಟಿ ಅಂಕಿಗೆ ಅಷ್ಟಾಗಿ ಬೆಲೆ ಇಲ್ಲ. ನಿಮ್ಮ ಮಾಮೂಲಿ ಅಂಕಿ ಎಷ್ಟು, ಇವತ್ತು ಅದು ಎಷ್ಟು ಸರಿದಿದೆ ಅನ್ನುವುದಕ್ಕೆ ಬೆಲೆ ಇದೆ. ಕೆಳಗಿನ ಹಂತಗಳೆಲ್ಲ ಸುತ್ತಿ ಬಳಸಿ ಬರುವುದು ಅಲ್ಲಿಗೇ.

ಬೇಕಾಗುವ ಸಾಮಾನು

ದೊಡ್ಡ ಪಟ್ಟಿಯೇನಿಲ್ಲ. ತೊಡುವ ಸಾಧನ ಒಂದು: ವಾಚ್, ಬ್ಯಾಂಡ್, ಉಂಗುರ, ಎದೆಪಟ್ಟಿ, ಯಾವುದಾದರೂ ಸರಿ. ಅದರ ಆಪ್ ಇರುವ ಫೋನು. ಸೆಕೆಂಡ್ ಮುಳ್ಳಿರುವ ಗಡಿಯಾರ. ಒಂದು ಚಿಕ್ಕ ನೋಟ್‌ಬುಕ್. ಬಿಪಿ ನಿಮ್ಮ ಚಿಂತೆಯಾಗಿದ್ದರೆ ತೋಳಿಗೆ ಸುತ್ತುವ ಪಟ್ಟಿ ಇರುವ ಬಿಪಿ ಮೀಟರ್ ಕೂಡ ಬೇಕು; ವಾಚ್ ಇದ್ದರೂ ಬೇಕು, ಕಾರಣ ಮುಂದೆ ಹೇಳುತ್ತೇನೆ. ಕೊನೆಯದಾಗಿ ಎರಡು ವಾರದ ತಾಳ್ಮೆ. ಇವುಗಳಲ್ಲಿ ಸುಲಭಕ್ಕೆ ಸಿಗದ ಸಾಮಾನು ಇದೊಂದೇ.

ಹಂತ 1: ಒಂದೇ ಒಂದು ಪ್ರಶ್ನೆ ಆರಿಸಿಕೊಳ್ಳಿ

ಹೊಸ ವಾಚ್ ಡಬ್ಬಿಯಿಂದ ತೆಗೆದ ದಿನ ಎಲ್ಲರೂ ಮಾಡುವುದು ಒಂದೇ ಕೆಲಸ. ಆಪ್‌ನಲ್ಲಿರುವ ಸ್ವಿಚ್‌ಗಳನ್ನೆಲ್ಲ ಆನ್ ಮಾಡುತ್ತಾರೆ. ಮಾರನೇ ದಿನ ಬೆಳಗ್ಗೆ ರಾಶಿ ಗ್ರಾಫುಗಳು ಕಣ್ಣೆದುರು ಕುಣಿಯುತ್ತವೆ. ಒಂದರ ತಲೆಬುಡವೂ ಗೊತ್ತಾಗುವುದಿಲ್ಲ. ಸ್ವಲ್ಪ ದಿನಕ್ಕೆ ವಾಚ್ ಡ್ರಾಯರ್ ಸೇರುತ್ತದೆ.

ಹಾಗೆ ಮಾಡಬೇಡಿ. ನಿಮ್ಮ ತಲೆಯಲ್ಲಿರುವ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ. "ಆಗಾಗ ಎದೆ ಡವಡವ ಅನ್ನುತ್ತೆ, ಆಗ ಏನಾಗಿರುತ್ತೆ?" "ದಿನಕ್ಕೆ ನಿಜವಾಗಿ ಎಷ್ಟು ನಡೀತೀನಿ?" "ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೋತೀನಿ, ರಾತ್ರಿ ಸಕ್ಕರೆ ಇಳಿಯುತ್ತಾ?" "ಒಬ್ಬರೇ ಇರುವ ಅಪ್ಪ ಬಿದ್ದರೆ ನನಗೆ ತಿಳಿಯುತ್ತಾ?"

ಪ್ರಶ್ನೆ ಬರೆದ ಮೇಲೆ ಸಾಧನದ ಆಯ್ಕೆ ಸಲೀಸು. ಹೆಜ್ಜೆ ಎಣಿಸಲು ತೀರಾ ಸಾದಾ ಬ್ಯಾಂಡ್ ಸಾಕು. ಡವಡವಕ್ಕೆ ಇಸಿಜಿ ತೆಗೆಯುವ ವಾಚ್ ಬೇಕು. ಇಸಿಜಿ ಅಂದರೆ ಹೃದಯದ ವಿದ್ಯುತ್ ಸಂಕೇತದ ಗೆರೆಚಿತ್ರ. ಓಟ, ಸೈಕ್ಲಿಂಗ್‌ನಲ್ಲಿ ಬಡಿತ ಸರಿಯಾಗಿ ಬೇಕಿದ್ದರೆ ಎದೆಪಟ್ಟಿಯೇ ವಾಸಿ. ಅದು ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ಕೈ ಅಲ್ಲಾಡಿದರೂ ಅದಕ್ಕೇನೂ ಆಗುವುದಿಲ್ಲ. ನಿದ್ದೆಗೆ ಉಂಗುರ ಹಿತ, ಬೆರಳಲ್ಲಿ ನಾಡಿಯ ಸಂಕೇತವೂ ಚೆನ್ನಾಗಿ ಸಿಗುತ್ತದೆ. ಬೀಳುವುದನ್ನು ಗುರುತಿಸುವ ವಾಚ್ ತಗೊಳ್ಳುವಾಗ ಮಾತ್ರ ಎರಡು ವಿಷಯ ಕೇಳಿಕೊಳ್ಳಿ. ಅದು ತಾನೇ ಕರೆ ಮಾಡುತ್ತಾ, ಇಲ್ಲ ಪಕ್ಕದಲ್ಲಿ ಫೋನ್ ಇರಬೇಕಾ? ಅಪ್ಪ ಅದನ್ನು ಬಚ್ಚಲುಮನೆಗೂ ಕಟ್ಟಿಕೊಂಡು ಹೋಗ್ತಾರಾ? ಎರಡನೆಯದಕ್ಕೆ ಉತ್ತರ "ಇಲ್ಲ" ಅಂತಾದರೆ ಎಷ್ಟು ಒಳ್ಳೆಯ ವಾಚ್ ಕೊಟ್ಟರೂ ಅಷ್ಟೇ. ಬಚ್ಚಲಲ್ಲೇ ಅಲ್ವಾ ಜಾರುವುದು.

ದಿನಕ್ಕೆ 10,000 ಹೆಜ್ಜೆ ಅನ್ನುವ ಗುರಿಯ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಅದರ ಮೂಲ ವೈದ್ಯಕೀಯ ಲೆಕ್ಕಾಚಾರವಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು 'ಮಾನ್‌ಪೊ-ಕೇ' ಅನ್ನುವ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದಿತು. ಆ ಹೆಸರಿನ ಅರ್ಥವೇ 'ಹತ್ತು ಸಾವಿರ ಹೆಜ್ಜೆ ಮೀಟರ್'. ಹೆಸರು ಗುರಿಯಾಗಿ ನಿಂತುಬಿಟ್ಟಿತು. ಈಗ 3,000 ನಡೆಯುತ್ತಿದ್ದೀರಾ? 4,500ಕ್ಕೆ ಏರಿಸಿ, ಅದೂ ಲಾಭವೇ.

ಹಂತ 2: ಅಳೆಯುವುದು ಯಾವುದು, ಊಹಿಸುವುದು ಯಾವುದು ತಿಳಿದುಕೊಳ್ಳಿ

ವಾಚ್ ಬಿಚ್ಚಿ ಬೆನ್ನು ತಿರುಗಿಸಿ ನೋಡಿ. ಹಸಿರು ದೀಪ ಮಿಣಮಿಣ ಅನ್ನುತ್ತಿರುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಒಂದು ಸಲ ಬಡಿದಾಗ ಚರ್ಮದಡಿಯ ಸಣ್ಣ ನಾಳಗಳಿಗೆ ಒಂದಿಷ್ಟು ಜಾಸ್ತಿ ರಕ್ತ ನುಗ್ಗುತ್ತದೆ. ಆ ಕ್ಷಣ ವಾಪಸ್ ಬರುವ ಬೆಳಕು ಒಂದು ಚೂರು ಕಡಿಮೆಯಾಗುತ್ತದೆ. ದೀಪದ ಪಕ್ಕದಲ್ಲಿರುವ ಬೆಳಕಿನ ಸೆನ್ಸರ್ ಈ ಏರಿಳಿತವನ್ನು ಎಣಿಸುತ್ತದೆ. ಇದಕ್ಕೆ ಪಿಪಿಜಿ ಅನ್ನುತ್ತಾರೆ. ಅಂದರೆ ಬೆಳಕಿನಿಂದ ನಾಡಿ ಹಿಡಿಯುವ ಉಪಾಯ.

ಆಮ್ಲಜನಕ ಅಳೆಯುವಾಗ ಕೆಂಪು ದೀಪ ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ ಹತ್ತುತ್ತವೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪನ್ನು ಕಡಿಮೆ ಹೀರಿ ಇನ್‌ಫ್ರಾರೆಡ್ ಅನ್ನು ಜಾಸ್ತಿ ಹೀರುತ್ತದೆ. ಆಮ್ಲಜನಕ ಇಲ್ಲದ್ದು ಇದರ ಉಲ್ಟಾ. ಎರಡರ ಅನುಪಾತದಿಂದ ಶೇಕಡಾವಾರು ಸಿಗುತ್ತದೆ. ನಾಡಿಯ ಏರಿಳಿತದಿಂದಲೇ ಇದನ್ನು ಲೆಕ್ಕ ಹಾಕಬಹುದು ಅಂತ 1974ರಲ್ಲಿ ತೋರಿಸಿಕೊಟ್ಟವರು ಜಪಾನಿನ ಎಂಜಿನಿಯರ್ ತಾಕುವೊ ಅಯೊಯಾಗಿ. ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪೂ ಇದೇ ತತ್ವದ್ದು. ಆದರೆ ಕ್ಲಿಪ್‌ನಲ್ಲಿ ಬೆಳಕು ಬೆರಳನ್ನು ದಾಟಿ ಆಚೆ ಬರುತ್ತದೆ, ವಾಚ್‌ನಲ್ಲಿ ಚರ್ಮಕ್ಕೆ ತಾಗಿ ಈಚೆಗೇ ವಾಪಸಾಗುತ್ತದೆ. ಮಣಿಕಟ್ಟಿನಲ್ಲಿ ಸಿಗುವ ಸಂಕೇತ ಅದಕ್ಕೇ ದುರ್ಬಲ.

ಇವುಗಳ ಜೊತೆ ಅಲ್ಲಾಟ ಹಿಡಿಯುವ ಆಕ್ಸಿಲರೋಮೀಟರ್ ಇರುತ್ತದೆ, ಕೆಲವದರಲ್ಲಿ ಚರ್ಮದ ಉಷ್ಣತೆಯ ಸೆನ್ಸರ್ ಮತ್ತು ಇಸಿಜಿಯ ಲೋಹದ ತುದಿಗಳೂ ಇರುತ್ತವೆ. ನಿಜವಾದ ಅಳತೆ ಅಂದರೆ ಇಷ್ಟೇ. ಆಪ್‌ನಲ್ಲಿ ಕಾಣುವ ಮಿಕ್ಕಿದ್ದೆಲ್ಲ, ಅಂದರೆ ಕ್ಯಾಲರಿ, ಒತ್ತಡದ ಅಂಕ, ಗಾಢ ನಿದ್ದೆಯ ನಿಮಿಷ, 'ಇವತ್ತು ನೀವು ಶೇ. 72 ಸಿದ್ಧ' ಅನ್ನುವಂಥ ಸ್ಕೋರು, ಈ ಅಳತೆಗಳನ್ನು ಸೂತ್ರಕ್ಕೆ ಹಾಕಿ ತೆಗೆದ ಊಹೆ. ಸೂತ್ರ ಆಯಾ ಕಂಪನಿಯದು. ಒಂದರ 80ನ್ನು ಇನ್ನೊಂದರ 80ರ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಊಹೆ ಎಷ್ಟು ತಪ್ಪಬಹುದು ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2017ರಲ್ಲಿ ಏಳು ಸಾಧನಗಳನ್ನು ಪರೀಕ್ಷಿಸಿದರು. ಎದೆಬಡಿತದಲ್ಲಿ ಏಳರಲ್ಲಿ ಆರರ ತಪ್ಪು ಶೇ. 5ಕ್ಕಿಂತ ಕಡಿಮೆ. ಕ್ಯಾಲರಿಯಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನವೂ ಸರಾಸರಿ ಶೇ. 27ರಷ್ಟು ತಪ್ಪಿತ್ತು, ತೀರಾ ಕೆಟ್ಟದ್ದು ಶೇ. 93! ವಾಚ್ 400 ಕ್ಯಾಲರಿ ಕರಗಿತು ಅಂದಿತಲ್ಲ ಅಂತ ಅಷ್ಟನ್ನೂ ಊಟದಲ್ಲಿ ತುಂಬಿಸಿಕೊಳ್ಳುವವರು ಇದನ್ನು ನೆನಪಿಡಿ.

ಎಚ್ಚರಿಕೆ: "ಈ ವಾಚ್‌ಗೆ ವೈದ್ಯಕೀಯ ಒಪ್ಪಿಗೆ ಸಿಕ್ಕಿದೆ" ಅನ್ನುವ ಮಾತು ಪೂರ್ತಿ ನಿಜವಲ್ಲ. ಒಪ್ಪಿಗೆ ಸಿಗುವುದು ಒಂದೊಂದು ಸೌಲಭ್ಯಕ್ಕೆ, ಇಡೀ ವಾಚ್‌ಗಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಆಪಲ್ ವಾಚ್‌ನ ಇಸಿಜಿಗೆ ಹಸಿರು ನಿಶಾನೆ ಕೊಟ್ಟಿತು. ಆಮೇಲೆ ಅದೇ ವಾಚ್‌ನ ಮುಂದಿನ ಮಾದರಿಯೊಂದರಲ್ಲಿ ಬಂದ ಆಮ್ಲಜನಕದ ಅಳತೆಯನ್ನು ವೈದ್ಯಕೀಯ ಬಳಕೆಗಲ್ಲ ಅಂತ ಹೇಳಿಯೇ ಮಾರಿದರು. ನಿಮ್ಮ ಸಾಧನದ ಕೈಪಿಡಿಯ ಸಣ್ಣಕ್ಷರದಲ್ಲಿ ಇದೆಲ್ಲ ಇರುತ್ತದೆ. ಒಂದು ಸಲ ಓದಿ.

ಹಂತ 3: ಸರಿಯಾಗಿ ತೊಡಿ

ಬಹುಪಾಲು ವಿಚಿತ್ರ ಅಂಕಿಗಳಿಗೆ ಕಾರಣ ಸಡಿಲ ಪಟ್ಟಿ. ಮಣಿಕಟ್ಟಿನ ಹೊರಬದಿಯಲ್ಲಿ ಉಬ್ಬಿರುವ ಮೂಳೆ ಇದೆಯಲ್ಲ, ಅದರಿಂದ ಒಂದು ಬೆರಳಿನಷ್ಟು ಮೇಲೆ, ಮೊಣಕೈ ಕಡೆಗೆ ಕಟ್ಟಿ. ಕೈ ಅಲ್ಲಾಡಿಸಿದರೆ ವಾಚ್ ಜಾರಬಾರದು. ಬಿಚ್ಚಿದ ಮೇಲೆ ಆಳವಾದ ಗುರುತೂ ಉಳಿಯಬಾರದು. ವ್ಯಾಯಾಮಕ್ಕೆ ಮುಂಚೆ ಒಂದು ತೂತು ಬಿಗಿ ಮಾಡಿ, ಮುಗಿದ ಮೇಲೆ ಸಡಿಲಿಸಿ.

ದಟ್ಟ ಹಚ್ಚೆ ಇರುವ ಕಡೆ ಕಟ್ಟಬೇಡಿ, ಶಾಯಿ ಬೆಳಕನ್ನು ತಡೆಯುತ್ತದೆ. ಕೈ ತಣ್ಣಗಿದ್ದರೆ ಚರ್ಮಕ್ಕೆ ರಕ್ತ ಕಡಿಮೆ ಬರುತ್ತದೆ, ಅಂಕಿ ಎಡವಟ್ಟಾಗುತ್ತದೆ. ಉಜ್ಜಿ ಬೆಚ್ಚಗೆ ಮಾಡಿಕೊಂಡು ಮತ್ತೆ ಅಳೆಯಿರಿ. ಎದೆಪಟ್ಟಿಯ ಎಲೆಕ್ಟ್ರೋಡ್ ಅನ್ನು ಕಟ್ಟುವ ಮುಂಚೆ ನೀರಿನಿಂದ ಒದ್ದೆ ಮಾಡಿ. ಒಣ ಚರ್ಮದಲ್ಲಿ ಮೊದಲ ಕೆಲವು ನಿಮಿಷ ಅದು ಬಾಯಿಗೆ ಬಂದದ್ದು ಹೇಳುತ್ತದೆ.

ಪಟ್ಟಿಯ ಕೆಳಗೆ ತುರಿಕೆ, ಕೆಂಪು ಗಂಧೆ ಎದ್ದರೆ "ನನಗೆ ಈ ಲೋಹ ಆಗಲ್ಲ" ಅಂತ ತಕ್ಷಣ ತೀರ್ಮಾನಿಸಬೇಡಿ. ಎಷ್ಟೋ ಸಲ ಸಿಕ್ಕಿಕೊಂಡ ಬೆವರು ಮತ್ತು ಸೋಪೇ ಕಾರಣ. ದಿನಾ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಕಟ್ಟಿ. ಕೈ ಬದಲಿಸಿ. ಆಗಲೂ ಹೋಗದಿದ್ದರೆ ಪಟ್ಟಿ ಬದಲಿಸಿ.

ಎಚ್ಚರಿಕೆ: ಪೇಸ್‌ಮೇಕರ್ ಅಥವಾ ಎದೆಯೊಳಗೆ ಡಿಫಿಬ್ರಿಲೇಟರ್ ಹಾಕಿಸಿಕೊಂಡವರು ಗಮನಿಸಿ. ಕೆಲವು ವಾಚ್‌ಗಳಲ್ಲಿ, ಪಟ್ಟಿಗಳಲ್ಲಿ, ಚಾರ್ಜರ್‌ಗಳಲ್ಲಿ ಗಟ್ಟಿ ಆಯಸ್ಕಾಂತ ಇರುತ್ತದೆ. ಅವನ್ನು ಎದೆಯಿಂದ ಕಡೇಪಕ್ಷ 15 ಸೆಂ.ಮೀ. ದೂರ ಇಡಿ. ಕೈ ಎದೆ ಮೇಲಿಟ್ಟು ಮಲಗುವ ಅಭ್ಯಾಸ ಇದ್ದರೆ ರಾತ್ರಿ ಬಿಚ್ಚಿಡಿ. ದೇಹದ ಕೊಬ್ಬು ಅಳೆಯಲು ಮೈಯೊಳಗೆ ಸಣ್ಣ ಕರೆಂಟ್ ಹರಿಸುವ ಸೌಲಭ್ಯವನ್ನು ಬಳಸಲೇಬೇಡಿ.

ಹಂತ 4: ಸಾಧನವನ್ನೇ ಒಮ್ಮೆ ಪರೀಕ್ಷೆ ಮಾಡಿ

ಇದನ್ನು ಯಾರೂ ಮಾಡುವುದಿಲ್ಲ. ಹತ್ತು ನಿಮಿಷದ ಕೆಲಸ.

ಐದು ನಿಮಿಷ ಸುಮ್ನೆ ಕುಳಿತುಕೊಳ್ಳಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಒಳಬದಿಯಲ್ಲಿ ಎರಡು ಬೆರಳಿಟ್ಟು ನಾಡಿ ಹುಡುಕಿ. ಹೆಬ್ಬೆರಳಲ್ಲಿ ಮುಟ್ಟಬೇಡಿ, ಅದರದ್ದೇ ನಾಡಿ ಗೊಂದಲ ಮಾಡುತ್ತದೆ. ಗಡಿಯಾರ ನೋಡುತ್ತಾ ಪೂರ್ತಿ 60 ಸೆಕೆಂಡ್ ಎಣಿಸಿ. ವಾಚ್‌ನ ಅಂಕಿಗೂ ನಿಮ್ಮ ಎಣಿಕೆಗೂ ಮೂರ್ನಾಲ್ಕು ಬಡಿತದ ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹದಿನೈದು ಇಪ್ಪತ್ತು ಇದ್ದರೆ ಹಂತ 3ಕ್ಕೆ ವಾಪಸ್ ಹೋಗಿ. ಕಟ್ಟಿದ್ದು ಸರಿಯಾಗಿದ್ದೂ ಹೀಗೇ ಬಂದರೆ, ಅದರಲ್ಲೂ ನಾಡಿ ಒಂದೇ ಲಯದಲ್ಲಿಲ್ಲ ಅನ್ನಿಸಿದರೆ, ಡಾಕ್ಟರಿಗೆ ಹೇಳಬೇಕಾದ ವಿಷಯ ಅದು.

ಆಮೇಲೆ ಓಡಾಡಿ ನೋಡಿ. ಒಮ್ಮೆ ನಾನು ನಿಧಾನಕ್ಕೆ ಓಡುತ್ತಿದ್ದೆ, ಮಾತಾಡುವಷ್ಟು ಉಸಿರಿತ್ತು. ವಾಚ್ ನೋಡಿದರೆ 166! ನಿಂತು ಕತ್ತಿನ ನಾಡಿ ಎಣಿಸಿದೆ. 15 ಸೆಕೆಂಡಿಗೆ 32, ಅಂದರೆ ನಿಮಿಷಕ್ಕೆ 128. ಮತ್ತೆ ಓಡುತ್ತಾ ಹೆಜ್ಜೆ ಎಣಿಸಿದೆ: ನಿಮಿಷಕ್ಕೆ 166. ವಾಚ್ ಹೃದಯ ಬಿಟ್ಟು ಕಾಲನ್ನು ಎಣಿಸುತ್ತಿತ್ತು. ಪ್ರತಿ ಹೆಜ್ಜೆಗೂ ವಾಚ್ ಕೈಮೇಲೆ ಕುಣಿದು ಬೆಳಕಿನಲ್ಲಿ ಏರಿಳಿತ ಆಗುತ್ತದೆ, ಅದನ್ನೇ ನಾಡಿ ಅಂದುಕೊಳ್ಳುತ್ತದೆ. ಓಡುವಾಗ ಅಂಕಿ ಇದ್ದಕ್ಕಿದ್ದಂತೆ 160-170ಕ್ಕೆ ಹಾರಿ ಅಲ್ಲೇ ಅಂಟಿಕೊಂಡರೆ ಮೊದಲು ಇದನ್ನೇ ಅನುಮಾನಿಸಿ.

ಮನೆಯವರಿಗೆ ತಮಾಷೆ ತೋರಿಸಬೇಕಾ? ಸುತ್ತಿಟ್ಟ ಟವೆಲ್‌ಗೆ ವಾಚ್ ಕಟ್ಟಿ. ಕೆಲವು ವಾಚ್‌ಗಳು ಟವೆಲ್‌ಗೂ ಒಂದು ಎದೆಬಡಿತ ಕೊಡುತ್ತವೆ. ಬೆಳಕಿನ ಗದ್ದಲದಲ್ಲೂ ಲಯ ಹುಡುಕು ಅಂತ ಅದಕ್ಕೆ ಕಲಿಸಿದ್ದಾರೆ, ಪಾಪ, ಹುಡುಕುತ್ತದೆ.

ಹಂತ 5: ಎರಡು ವಾರ ಸುಮ್ನೆ ತೊಟ್ಟಿರಿ

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಎರಡು ವಾರ ಹಗಲು ರಾತ್ರಿ ತೊಡಿ. ಗ್ರಾಫ್ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ನೋಟ್‌ಬುಕ್‌ನಲ್ಲಿ ದಿನಕ್ಕೊಂದೇ ಸಾಲು ಬರೆಯಿರಿ: ವಿಶ್ರಾಂತಿಯ ಬಡಿತ, ಮಲಗಿದ ಹೊತ್ತು, ಆ ದಿನದ ವಿಶೇಷ. ವಿಶೇಷ ಅಂದರೆ ನೆಗಡಿ, ಜ್ವರ, ಮದ್ಯ, ಪ್ರಯಾಣ, ಮುಟ್ಟು, ಜೋರು ವ್ಯಾಯಾಮ, ಹೊಸ ಮಾತ್ರೆ, ಜಗಳ.

ವಿಶ್ರಾಂತಿಯ ಬಡಿತ ಅಂದರೆ ಮೈಮನಸ್ಸು ಆರಾಮಾಗಿದ್ದಾಗ ನಿಮಿಷಕ್ಕೆ ಎಷ್ಟು ಸಲ ಹೃದಯ ಬಡಿಯುತ್ತದೆ ಅನ್ನುವುದು. ಎರಡು ವಾರ ಕಳೆದ ಮೇಲೆ ನೋಟ್‌ಬುಕ್ ತೆಗೆದು ಅತಿ ಕಡಿಮೆ ಮತ್ತು ಅತಿ ಜಾಸ್ತಿ ಅಂಕಿಗೆ ಗುಂಡು ಹಾಕಿ. ಒಬ್ಬರಿಗೆ 58ರಿಂದ 63 ಬಂತು ಅನ್ನಿ. ಅವರ ಮಾಮೂಲಿ ಅದು. ನಾಳೆ 64 ಬಂದರೆ ಸುದ್ದಿಯೇ ಅಲ್ಲ. ಎರಡು ಮೂರು ದಿನ ಸತತವಾಗಿ 71 ಬಂದರೆ ಸುದ್ದಿ. ಸೋಂಕು ತಗುಲಿದಾಗ ಮೈ ಬಿಸಿಯಾಗುವ ಮುಂಚೆಯೇ ಬಡಿತ ಏರುವುದುಂಟು. ರಾತ್ರಿ ಕುಡಿದಿದ್ದರೂ, ನಿದ್ದೆ ಕೆಟ್ಟಿದ್ದರೂ ಏರುತ್ತದೆ. ಯಾವುದು ಅಂತ ವಾಚ್‌ಗೆ ಗೊತ್ತಿಲ್ಲ, ನಿಮ್ಮ ನೋಟ್‌ಬುಕ್‌ಗೆ ಗೊತ್ತು.

ಎಚ್‌ಆರ್‌ವಿ ಅನ್ನುವ ಅಂಕಿಯೂ ಆಪ್‌ನಲ್ಲಿ ಕಾಣುತ್ತದೆ. ನಿಮಿಷಕ್ಕೆ 60 ಬಡಿತ ಅಂದರೆ ಗಡಿಯಾರದ ಹಾಗೆ ಸೆಕೆಂಡಿಗೊಂದು ಅಂತಲ್ಲ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ 0.96 ಸೆಕೆಂಡ್, ಆಮೇಲೆ 1.04, ಹೀಗೆ ಆಚೀಚೆ ಆಗುತ್ತಿರುತ್ತದೆ. ಈ ಆಚೀಚೆಯ ಅಳತೆಯೇ ಎಚ್‌ಆರ್‌ವಿ, ಲೆಕ್ಕ ಮಿಲಿಸೆಕೆಂಡ್‌ನಲ್ಲಿ. ಸಾಮಾನ್ಯವಾಗಿ ಮೈ ದಣಿದಾಗ ಇಳಿಯುತ್ತದೆ, ವಯಸ್ಸಾದಂತೆಯೂ ಇಳಿಯುತ್ತದೆ. ಗೆಳೆಯನದು 90, ನನ್ನದು 35 ಅಂತ ಕೊರಗುವವರು ಬಹಳ. ಇದನ್ನು ಇನ್ನೊಬ್ಬರ ಜೊತೆ ಹೋಲಿಸಲೇಬಾರದು. ನಿಮ್ಮ 35 ವಾರಗಟ್ಟಲೆ 35ರ ಆಸುಪಾಸಿನಲ್ಲೇ ಇದೆ ಅಂದರೆ ಎಲ್ಲ ಮಾಮೂಲಿಯಾಗಿದೆ ಅಂತ.

ಹಂತ 6: ಒಂದೊಂದು ಅಂಕಿಯನ್ನೂ ಅದರ ಮಿತಿಯಲ್ಲಿ ಓದಿ

*ಎದೆಬಡಿತ.* ದೊಡ್ಡವರಲ್ಲಿ ವಿಶ್ರಾಂತಿಯ ಬಡಿತ 60ರಿಂದ 100 ಅನ್ನುತ್ತವೆ ವೈದ್ಯ ಪುಸ್ತಕಗಳು. ದಿನಾ ಓಡುವವರಲ್ಲಿ 40-50 ಇರುವುದು ಸಾಮಾನ್ಯ, ಗಾಢ ನಿದ್ದೆಯಲ್ಲಿ ಯಾರದ್ದಾದರೂ ಇಳಿಯುತ್ತದೆ. ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳೂ ಇಳಿಸುತ್ತವೆ. ಹಾಗಾಗಿ 48 ಕಂಡವರಿಗೆ ನನ್ನ ಮರುಪ್ರಶ್ನೆ: ತಲೆ ಸುತ್ತುತ್ತಾ? ಕಣ್ಣು ಕತ್ತಲೆ ಬರುತ್ತಾ? ಮೆಟ್ಟಿಲು ಹತ್ತಿದರೆ ಮುಂಚೆಗಿಂತ ಜಾಸ್ತಿ ಸುಸ್ತಾ? ಇವುಗಳಲ್ಲಿ ಒಂದಾದರೂ ಇದ್ದರೆ ಡಾಕ್ಟರನ್ನು ನೋಡಿ. ಯಾವುದೂ ಇಲ್ಲ, ಮುಂಚಿನಿಂದಲೂ ಇಷ್ಟೇ ಇದೆ ಅಂತಾದರೆ ಮುಂದಿನ ಮಾಮೂಲಿ ತಪಾಸಣೆಯಲ್ಲಿ ಹೇಳಿದರೆ ಸಾಕು. ಹಾಗೆಯೇ '220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ' ಅನ್ನುವುದು ಬರೀ ಅಂದಾಜು. ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ತೀರಾ ಸಹಜ.

*ಇಸಿಜಿ ಮತ್ತು ಲಯದ ಸೂಚನೆ.* ವಾಚ್ ಕಟ್ಟಿದ ಕೈ ಅದರ ಬೆನ್ನಿಗೆ ತಾಗಿರುತ್ತದೆ. ಇನ್ನೊಂದು ಕೈಯ ಬೆರಳನ್ನು ಗುಂಡಿ ಮೇಲೋ ಅಂಚಿನ ಮೇಲೋ ಇಟ್ಟರೆ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಎರಡೂ ಕೈ ಮೇಜಿನ ಮೇಲೆ ಊರಿ, ಸುಮಾರು 30 ಸೆಕೆಂಡ್ ಅಲ್ಲಾಡದೆ, ಮಾತಾಡದೆ ಕೂರಿ. ಬರುವುದು ಒಂದೇ ಕೋನದ ಗೆರೆ. ಆಸ್ಪತ್ರೆಯ ಇಸಿಜಿ 12 ಕೋನಗಳಿಂದ ನೋಡುತ್ತದೆ. ವಾಚ್ ಹುಡುಕುವುದು ಮುಖ್ಯವಾಗಿ ಏಟ್ರಿಯಲ್ ಫಿಬ್ರಿಲೇಶನ್ ಅನ್ನು. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ತೊಂದರೆ ಅದು. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ತರುವ ಅಪಾಯ ಇರುವುದರಿಂದ ಬೇಗ ಗೊತ್ತಾದಷ್ಟೂ ಒಳ್ಳೆಯದು.

ಸೂಚನೆ ಬಂದವರಿಗೆಲ್ಲ ಕಾಯಿಲೆ ಇರುತ್ತದೆ ಅಂತಲ್ಲ. 2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಸ್ಟಡಿಯಲ್ಲಿ 4,19,297 ಜನ ಇದ್ದರು. 'ಲಯ ತಪ್ಪಿದೆ' ಅನ್ನುವ ಸೂಚನೆ ಬಂದದ್ದು ಶೇ. 0.52 ಜನರಿಗೆ. ಅವರಲ್ಲಿ ಆಮೇಲೆ ಎದೆಗೆ ಇಸಿಜಿ ಪ್ಯಾಚ್ ಅಂಟಿಸಿಕೊಂಡು ವಾಪಸ್ ಕಳಿಸಿದವರ ಪೈಕಿ ಶೇ. 34 ಜನರಲ್ಲಿ ಈ ತೊಂದರೆ ಕಂಡಿತು. ಉಳಿದವರದ್ದು ಸುಳ್ಳು ಸೂಚನೆ ಅಂತಲೂ ಹೇಳಲಾಗದು. ಈ ತೊಂದರೆ ಬಂದು ಹೋಗುವಂಥದ್ದು, ಪ್ಯಾಚ್ ಹಾಕಿದ ದಿನ ಬರದೆ ಇರಬಹುದು. ಆದ್ದರಿಂದ ಸೂಚನೆ ಬಂದರೆ ಗಾಬರಿ ಬೇಡ, ಕಡೆಗಣಿಸುವುದೂ ಬೇಡ. ಇಸಿಜಿ ತೆಗೆದಿಟ್ಟುಕೊಂಡು ಡಾಕ್ಟರ ಹತ್ತಿರ ಹೋಗಿ.

ಎಚ್ಚರಿಕೆ, ಇದು ಎಲ್ಲಕ್ಕಿಂತ ಮುಖ್ಯ: ವಾಚ್‌ನ ಇಸಿಜಿ ಹೃದಯಾಘಾತವನ್ನು ಹಿಡಿಯುವುದಿಲ್ಲ. ಎದೆಯಲ್ಲಿ ಒತ್ತಿದಂಥ ನೋವು, ತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು, ಮುಖ ಅಥವಾ ಕೈ ಒಂದು ಕಡೆ ಸೋಲುವುದು, ಮಾತು ತೊದಲುವುದು, ಇವು ಕಂಡರೆ ವಾಚ್ ನೋಡುತ್ತಾ ಕೂರಬೇಡಿ. ಆಂಬುಲೆನ್ಸ್‌ಗೆ ಕರೆ ಮಾಡಿ. 'ಲಯ ಸರಿಯಾಗಿದೆ' ಅಂತ ವಾಚ್ ಬರೆದಿದ್ದರೂ ಕರೆ ಮಾಡಿ.

*ಆಮ್ಲಜನಕ.* ಆರೋಗ್ಯವಾಗಿರುವವರಲ್ಲಿ ಸಾಮಾನ್ಯವಾಗಿ 95ರಿಂದ 100. ಎತ್ತರದ ಬೆಟ್ಟ ಪ್ರದೇಶದಲ್ಲಿ ಕಡಿಮೆ ಬರುತ್ತದೆ. ರಾತ್ರಿ ಒಂದೇ ಒಂದು ಸಲ 88 ಅಂತ ತೋರಿಸಿದರೆ, ಕೈ ಮೈಯಡಿ ಸಿಕ್ಕಿತ್ತು ಅಥವಾ ಪಟ್ಟಿ ಸಡಿಲವಿತ್ತು ಅಂದುಕೊಂಡು ಇನ್ನೂ ಕೆಲವು ರಾತ್ರಿ ನೋಡಿ. ಆದರೆ ರಾತ್ರಿ ರಾತ್ರಿಯೂ ಇಳಿಯುತ್ತಿದೆ, ಜೊತೆಗೆ ಜೋರು ಗೊರಕೆ, ಹಗಲೆಲ್ಲ ತೂಕಡಿಕೆ ಇದೆ ಅಂತಾದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು. ಡಾಕ್ಟರನ್ನು ಕೇಳಿ ನಿದ್ದೆಯ ಪರೀಕ್ಷೆ ಮಾಡಿಸಿ.

ಚರ್ಮದ ಬಣ್ಣದ ಮಾತೂ ಇಲ್ಲೇ ಹೇಳಬೇಕು. 2020ರಲ್ಲಿ ಅಮೆರಿಕದಲ್ಲಿ ಆಸ್ಪತ್ರೆಯ ಬೆರಳ ಕ್ಲಿಪ್‌ಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಆಮ್ಲಜನಕ ನಿಜವಾಗಿ ಇಳಿದಿದ್ದರೂ ಕ್ಲಿಪ್ ಸರಿಯಾಗಿದೆ ಅಂತ ತೋರಿಸಿದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ಜನರಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು ಜಾಸ್ತಿ ಕಂಡವು. ಚರ್ಮದ ಮೆಲನಿನ್ ಕೂಡ ಬೆಳಕು ಹೀರುತ್ತದೆ. ನಿಮ್ಮದು ಗಾಢ ಬಣ್ಣದ ಚರ್ಮವಾಗಿದ್ದು ಉಸಿರಾಟ ಕಷ್ಟವಾಗುತ್ತಿದ್ದರೆ, ಅಂಕಿ 96 ಇದ್ದರೂ ಅದನ್ನು ನಂಬಿ ಕೂರಬೇಡಿ.

*ಬಿಪಿ.* ಪಟ್ಟಿ ಉಬ್ಬದೆ ಬಿಪಿ ತೋರಿಸುವ ವಾಚ್‌ಗಳು ಒತ್ತಡವನ್ನು ನೇರವಾಗಿ ಅಳೆಯುವುದಿಲ್ಲ. ನಾಡಿಯ ಅಲೆಯ ಆಕಾರ ನೋಡಿ ಅಂದಾಜು ಮಾಡುತ್ತವೆ. ಕೆಲವನ್ನು ತೋಳಪಟ್ಟಿಯ ಮೀಟರ್ ಜೊತೆ ನಾಲ್ಕು ವಾರಕ್ಕೊಮ್ಮೆ ಹೊಂದಿಸಬೇಕು. ಮೀಟರ್ ಹೇಗೂ ಬೇಕು ಅಂದಮೇಲೆ ಅದರಲ್ಲೇ ಅಳೆಯಿರಿ ಅನ್ನುವುದು ನನ್ನ ವಾದ. ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಕೂರಿ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಎರಡನ್ನೂ ಬರೆಯಿರಿ. ವಾಚ್ ನೋಡಿ ಬಿಪಿ ಮಾತ್ರೆ ಜಾಸ್ತಿ ಕಡಿಮೆ ಮಾಡಿಕೊಳ್ಳುವ ಕೆಲಸ ಮಾತ್ರ ಬೇಡ.

*ಸಕ್ಕರೆ.* ಚುಚ್ಚದೆ ಸಕ್ಕರೆ ಅಳೆಯುತ್ತದೆ ಅನ್ನುವ ವಾಚ್, ಉಂಗುರ ತಗೊಳ್ಳಬೇಡಿ. ಅಂಥ ಯಾವ ವಾಚ್‌ಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಅಂತ 2024ರ ಫೆಬ್ರವರಿಯಲ್ಲಿ ಎಫ್‌ಡಿಎ ಎಚ್ಚರಿಸಿತು. ತಪ್ಪು ಅಂಕಿ ನಂಬಿ ಇನ್ಸುಲಿನ್ ಹಾಕಿಕೊಂಡರೆ ಜೀವಕ್ಕೇ ಸಂಚಕಾರ.

ನಿಜವಾಗಿ ಕೆಲಸ ಮಾಡುವುದು ಸಿಜಿಎಂ. ತೋಳಿಗೋ ಹೊಟ್ಟೆಗೋ ಅಂಟಿಸುವ ಬಿಲ್ಲೆ ಅದು, ಕೂದಲಿನಂಥ ತಂತು ಚರ್ಮದ ಕೆಳಗೆ ಇಳಿದಿರುತ್ತದೆ. ಸಾಮಾನ್ಯವಾಗಿ 10ರಿಂದ 15 ದಿನ ಬರುತ್ತದೆ. ಅದು ನೋಡುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಆದ್ದರಿಂದ ರಕ್ತದ ಸಕ್ಕರೆಗಿಂತ ಕೆಲವು ನಿಮಿಷ ಹಿಂದಿರುತ್ತದೆ. ಸಕ್ಕರೆ ಬೇಗ ಬೇಗ ಏರುವಾಗ ಇಳಿಯುವಾಗ ಈ ಅಂತರ ಎದ್ದು ಕಾಣುತ್ತದೆ. ಇನ್ನೊಂದು ಮಾಮೂಲಿ ಮೋಸ: ಬಿಲ್ಲೆ ಇರುವ ತೋಳಿನ ಮೇಲೆ ಭಾರ ಹಾಕಿ ಮಲಗಿದರೆ ಸಕ್ಕರೆ ಇಳಿದಿದೆ ಅಂತ ಮಧ್ಯರಾತ್ರಿ ಅಲಾರಂ ಹೊಡೆಯುತ್ತದೆ. ಮಗ್ಗುಲು ಬದಲಿಸಿದರೆ ಅಂಕಿ ಸರಿಹೋಗುತ್ತದೆ. ಮೈ ಹೇಳುವುದಕ್ಕೂ ಅಂಕಿಗೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ ನೋಡಿಯೇ ಮುಂದಿನ ಕೆಲಸ.

*ನಿದ್ದೆ.* ಒಟ್ಟು ಎಷ್ಟು ಹೊತ್ತು ಮಲಗಿದಿರಿ ಅನ್ನುವುದನ್ನು ಸುಮಾರಾಗಿ ಸರಿ ಹೇಳುತ್ತವೆ. ಅಲ್ಲಾಡದೆ ಎಚ್ಚರವಾಗಿ ಬಿದ್ದುಕೊಂಡಿದ್ದನ್ನೂ ನಿದ್ದೆಗೆ ಸೇರಿಸುವ ಚಾಳಿ ಇದೆ. ಗಾಢ ನಿದ್ದೆ, ಕನಸಿನ ನಿದ್ದೆ ಅನ್ನುವ ವಿಂಗಡಣೆ ಊಹೆ. ಅದನ್ನು ಸರಿಯಾಗಿ ಹೇಳಲು ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ನೋಡಬೇಕು. ನಿದ್ದೆಯ ಸ್ಕೋರಿನ ಚಿಂತೆಯಲ್ಲೇ ನಿದ್ದೆ ಕೆಡಿಸಿಕೊಳ್ಳುವವರೂ ಇದ್ದಾರೆ. 2017ರಲ್ಲಿ ಸಂಶೋಧಕರು ಇದಕ್ಕೆ ಆರ್ಥೋಸೋಮ್ನಿಯಾ ಅಂತ ಹೆಸರೇ ಇಟ್ಟರು. ಬೆಳಗ್ಗೆ ಎದ್ದಾಗ ಹಗುರ ಅನ್ನಿಸಿದರೆ ಸ್ಕೋರ್ 58 ಇದ್ದರೆ ಇರಲಿ ಬಿಡಿ.

ಹಂತ 7: ಸದ್ದುಗಳನ್ನು ಕಡಿಮೆ ಮಾಡಿ

ಮೂರು ಸೂಚನೆ ಆನ್ ಇಡಿ: ಲಯ ತಪ್ಪಿದ್ದು, ಬಡಿತ ತೀರಾ ಜಾಸ್ತಿ ಅಥವಾ ಕಡಿಮೆ ಆದದ್ದು, ಬಿದ್ದದ್ದು. ಸಿಜಿಎಂ ಇರುವವರು ಅದರ ಅಲಾರಂ ಆರಿಸಬಾರದು. 'ಎದ್ದು ನಿಲ್ಲಿ', 'ಒತ್ತಡ ಜಾಸ್ತಿಯಾಗಿದೆ, ಉಸಿರಾಡಿ' ಇವನ್ನೆಲ್ಲ ಆಫ್ ಮಾಡಬಹುದು. ಉಳಿದ ಅಂಕಿಗಳನ್ನು ವಾರಕ್ಕೊಂದು ದಿನ ಕುಳಿತು ನೋಡಿ. ಗಂಟೆಗೊಮ್ಮೆ ಬಡಿತ ನೋಡಿಕೊಳ್ಳುವ ಚಟ ಹತ್ತಿದೆ, ನೋಡಿದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತೆ ಅನ್ನುವವರು ಒಂದು ವಾರ ವಾಚ್ ಬಿಚ್ಚಿಡಿ.

ಹಂತ 8: ನಿಮ್ಮ ಡೇಟಾ ಯಾರಿಗೆ ಹೋಗುತ್ತಿದೆ ನೋಡಿ

ಡಾಕ್ಟರ ಹತ್ತಿರ ಇರುವ ನಿಮ್ಮ ಫೈಲಿಗೆ ಸಿಗುವ ಕಾನೂನಿನ ರಕ್ಷಣೆ ಆಪ್‌ನಲ್ಲಿರುವ ಡೇಟಾಕ್ಕೆ ಎಷ್ಟೋ ಕಡೆ ಸಿಗುವುದಿಲ್ಲ. ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಯಾವ ಯಾವ ಬೇರೆ ಆಪ್‌ಗಳಿಗೆ ಅನುಮತಿ ಕೊಟ್ಟಿದ್ದೀರಿ ನೋಡಿ, ಬೇಡದ್ದನ್ನು ಕಿತ್ತುಹಾಕಿ. ಓಡುವ ದಾರಿಯನ್ನು ಎಲ್ಲರಿಗೂ ಕಾಣುವಂತೆ ಇಡಬೇಡಿ, ಮನೆಯ ಬಾಗಿಲೇ ಅದರಲ್ಲಿ ಗೊತ್ತಾಗುತ್ತದೆ. ಸ್ಟ್ರಾವಾ ಆಪ್ ಬಳಕೆದಾರರ ಓಟದ ನಕ್ಷೆಯನ್ನು ಪ್ರಕಟಿಸಿತ್ತು. ಅದರಲ್ಲಿ ಸೇನಾ ನೆಲೆಗಳ ಜಾಗ ಎದ್ದು ಕಾಣುತ್ತಿದೆ ಅಂತ 2018ರ ಜನವರಿಯಲ್ಲಿ ಸುದ್ದಿಯಾಯಿತು. ಸೈನಿಕರು ಬೆಳಗ್ಗೆ ಬೆಳಗ್ಗೆ ಬೇಲಿಯುದ್ದಕ್ಕೂ ಓಡಿದ್ದೇ ಗೆರೆಯಾಗಿ ಮೂಡಿತ್ತು. ವಾಚ್ ಮಾರುವಾಗ, ಯಾರಿಗಾದರೂ ಕೊಡುವಾಗ ಫ್ಯಾಕ್ಟರಿ ರೀಸೆಟ್ ಮಾಡಿ, ಖಾತೆಯಿಂದಲೂ ತೆಗೆಯಿರಿ.

ಹಂತ 9: ಡಾಕ್ಟರ ಮುಂದೆ ಹೀಗೆ ಇಡಿ

ಮೂರು ತಿಂಗಳ ಗ್ರಾಫ್ ಇರುವ ಫೋನನ್ನು ಅವರ ಕೈಗೆ ಕೊಟ್ಟರೆ ಪ್ರಯೋಜನವಿಲ್ಲ. ಅವರಿಗಿರುವುದು ಕೆಲವೇ ನಿಮಿಷ. ಒಂದು ಹಾಳೆ ಸಾಕು. ಮೊದಲ ಸಾಲಿನಲ್ಲಿ ತೊಂದರೆ, ಉದಾಹರಣೆಗೆ "ಹತ್ತು ದಿನದಲ್ಲಿ ನಾಲ್ಕು ಸಲ ಎದೆ ಡವಡವ, ಒಂದೊಂದು ಸಲವೂ ಸುಮಾರು ಐದು ನಿಮಿಷ". ಅದರ ಕೆಳಗೆ ನಿಮ್ಮ ಮಾಮೂಲಿ ಬಡಿತ, ಆಗ ತೋರಿಸಿದ ಬಡಿತ, ದಿನ ಮತ್ತು ಹೊತ್ತು, ಆಗ ಏನು ಮಾಡುತ್ತಿದ್ದಿರಿ. ಆಮೇಲೆ ತಗೊಳ್ಳುವ ಮಾತ್ರೆಗಳು, ಸಾಧನದ ಹೆಸರು ಮತ್ತು ಮಾದರಿ. ಇಸಿಜಿ ಇದ್ದರೆ ಆಪ್‌ನಿಂದ ಪಿಡಿಎಫ್ ಮಾಡಿ ಪ್ರಿಂಟ್ ತೆಗೆದುಕೊಳ್ಳಿ, ಪರದೆಯ ಫೋಟೋದಲ್ಲಿ ಗೆರೆ ಸರಿಯಾಗಿ ಕಾಣುವುದಿಲ್ಲ. ಡವಡವ ಶುರುವಾದ ತಕ್ಷಣ ತೆಗೆದ ಇಸಿಜಿಯನ್ನೇ ಮೇಲಿಡಿ. ಆರಾಮಾಗಿದ್ದಾಗ ತೆಗೆದದ್ದು ಒಂದನ್ನು ಹೋಲಿಸಲು ಅದರ ಕೆಳಗೆ ಇಟ್ಟಿರಿ.